ಜೆಫ್ರಿ ಕೇನ್ಸ್

ಸರ್ ಜೆಫ್ರಿ ಲ್ಯಾಂಗ್ಡನ್ ಕೇನ್ಸ್ (25 ಮಾರ್ಚ್ 1887 – 5 ಜುಲೈ 1982) ಇಂಗ್ಲೆಂಡಿನ ಶಸ್ತ್ರವೈದ್ಯರು, ಗ್ರಂಥಸೂಚಿಕಾರರು ಹಾಗೂ ಸಾಹಿತ್ಯ ಸಂಪಾದಕರು. ಸ್ತನ ಕ್ಯಾನ್ಸರಿಗೆ ಇಡೀ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಕತ್ತರಿಸಿ ತೆಗೆಯುವುದೊಂದೇ ಮಾರ್ಗವೆಂದು ವೈದ್ಯಲೋಕ ನಂಬಿದ್ದ ಕಾಲದಲ್ಲಿ, ಸ್ತನವನ್ನು ಉಳಿಸಿಕೊಂಡೇ ರೇಡಿಯಂ ಸೂಜಿಗಳ ಮೂಲಕ ವಿಕಿರಣ ಚಿಕಿತ್ಸೆ ನೀಡಬಹುದೆಂದು ತೋರಿಸಿಕೊಟ್ಟವರಲ್ಲಿ ಇವರು ಪ್ರಮುಖರು. ಇಂದು ಆರಂಭಿಕ ಹಂತದ ಸ್ತನ ಕ್ಯಾನ್ಸರಿಗೆ ನೀಡಲಾಗುವ ಸ್ತನರಕ್ಷಕ ಚಿಕಿತ್ಸೆ ಮತ್ತು ಅದರ ಮುಂದುವರಿದ ರೂಪವಾದ ಭಾಗಶಃ ಸ್ತನ ವಿಕಿರಣ ಚಿಕಿತ್ಸೆಯ ಇತಿಹಾಸದಲ್ಲಿ ಇವರ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ. ಬ್ರಿಟನ್ನಿನಲ್ಲಿ ರಕ್ತಪೂರಣ ಪದ್ಧತಿ ಬೇರೂರಲು ಇವರು ಕಾರಣರಾದರು. ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ರೋಗಕ್ಕೆ ಥೈಮಸ್ ಗ್ರಂಥಿಯ ಶಸ್ತ್ರಚಿಕಿತ್ಸೆಯನ್ನು ಆ ದೇಶದಲ್ಲಿ ಬೆಳೆಸಿದವರೂ ಇವರೇ. ಕವಿ ಮತ್ತು ಚಿತ್ರಕಾರ ವಿಲಿಯಂ ಬ್ಲೇಕ್‌ನ ಕೃತಿಗಳ ಸಂಪಾದಕರಾಗಿ ಇವರಿಗೆ ಸಾಹಿತ್ಯಲೋಕದಲ್ಲಿಯೂ ಅಷ್ಟೇ ಗೌರವದ ಸ್ಥಾನವಿದೆ. ಖ್ಯಾತ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಇವರ ಹಿರಿಯ ಸಹೋದರ.

ಜನನ ಮತ್ತು ಕುಟುಂಬ

ಜೆಫ್ರಿ ಕೇನ್ಸ್ ಅವರು 1887ರ ಮಾರ್ಚ್ 25ರಂದು ಕೇಂಬ್ರಿಜ್ ನಗರದಲ್ಲಿ ಜನಿಸಿದರು. ತಂದೆ ಜಾನ್ ನೆವಿಲ್ ಕೇನ್ಸ್ ತರ್ಕಶಾಸ್ತ್ರ ಹಾಗೂ ಅರ್ಥಶಾಸ್ತ್ರದ ವಿದ್ವಾಂಸರು. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಆಡಳಿತದಲ್ಲಿ ಉನ್ನತ ಹುದ್ದೆಯನ್ನು ನಿರ್ವಹಿಸಿದವರು. ತಾಯಿ ಫ್ಲಾರೆನ್ಸ್ ಅಡಾ ಕೇನ್ಸ್ ಸಮಾಜ ಸೇವೆಯಲ್ಲಿ ತೊಡಗಿದ್ದ ಮಹಿಳೆ. 1932ರಲ್ಲಿ ಅವರು ಕೇಂಬ್ರಿಜ್‌ನ ಮೇಯರ್ ಆಗಿ ಆಯ್ಕೆಯಾದರು. ದಂಪತಿಗಳ ಮೂವರು ಮಕ್ಕಳಲ್ಲಿ ಜೆಫ್ರಿ ಕಿರಿಯವರು. ಹಿರಿಯಣ್ಣ ಮೇನಾರ್ಡ್ ಯೌವನದಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಕೆಲಸ ಮಾಡಿ, 1913ರಲ್ಲಿ ಭಾರತದ ನಾಣ್ಯ ವ್ಯವಸ್ಥೆಯನ್ನು ಕುರಿತು ತಮ್ಮ ಮೊದಲ ಪುಸ್ತಕವನ್ನು ಪ್ರಕಟಿಸಿದರು. ಅಕ್ಕ ಮಾರ್ಗರೆಟ್ ಅವರ ಪತಿ ಎ. ವಿ. ಹಿಲ್ ಶರೀರಕ್ರಿಯಾ ವಿಜ್ಞಾನದಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು.

ಕೇಂಬ್ರಿಜ್‌ನ ಹಾರ್ವೆ ರಸ್ತೆಯ ಮನೆ ವಿದ್ವಾಂಸರು ಬಂದುಹೋಗುತ್ತಿದ್ದ ಮನೆ. ಅಸಾಧಾರಣ ಪ್ರತಿಭೆಯ ಅಣ್ಣನ ನೆರಳಿನಲ್ಲಿ ಬೆಳೆದ ಜೆಫ್ರಿ, ಅರ್ಥಶಾಸ್ತ್ರದ ಕಡೆಗೆ ಹೊರಳದೆ ನಿಸರ್ಗ ವಿಜ್ಞಾನ, ಹಳೆಯ ಪುಸ್ತಕಗಳ ಸಂಗ್ರಹ ಮತ್ತು ವೈದ್ಯಕೀಯ ಎಂಬ ತಮ್ಮದೇ ದಾರಿಗಳನ್ನು ಕಂಡುಕೊಂಡರು.

ವಿದ್ಯಾಭ್ಯಾಸ

ಜೆಫ್ರಿ ಅವರ ಶಾಲಾ ಶಿಕ್ಷಣ ರಗ್ಬಿ ಶಾಲೆಯಲ್ಲಿ ನಡೆಯಿತು. ಅಲ್ಲಿ ಸಹಪಾಠಿಯಾಗಿದ್ದ ರೂಪರ್ಟ್ ಬ್ರೂಕ್ ಮುಂದೆ ಕವಿಯಾಗಿ ಪ್ರಸಿದ್ಧನಾದ. ಬ್ರೂಕ್ ಮೊದಲ ಮಹಾಯುದ್ಧದ ಸಮಯದಲ್ಲಿ, 1915ರಲ್ಲಿ, ಅಕಾಲ ಮರಣಕ್ಕೆ ತುತ್ತಾದ ಮೇಲೆ ಅವನ ಕವಿತೆಗಳನ್ನೂ ಪತ್ರಗಳನ್ನೂ ಸಂಪಾದಿಸಿದವರು ಕೇನ್ಸ್. ಶಾಲೆಯ ನಂತರ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನಲ್ಲಿ ನಿಸರ್ಗ ವಿಜ್ಞಾನವನ್ನು ಅಭ್ಯಸಿಸಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. ವಿದ್ಯಾರ್ಥಿ ದೆಸೆಯಲ್ಲಿಯೇ ಹಳೆಯ ಪುಸ್ತಕದಂಗಡಿಗಳನ್ನು ಸುತ್ತುವ ಅಭ್ಯಾಸ ಅವರಿಗೆ ಅಂಟಿಕೊಂಡಿತು. ಬ್ಲೇಕ್‌ನ ಚಿತ್ರಗಳ ಪರಿಚಯವಾದದ್ದೂ ಅದೇ ದಿನಗಳಲ್ಲಿ.

ಬಳಿಕ ಲಂಡನ್ನಿನ ಪುರಾತನ ಆಸ್ಪತ್ರೆಯಾದ ಸೇಂಟ್ ಬಾರ್ಥಲೊಮ್ಯೂಸ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿವೇತನ ಪಡೆದು ವೈದ್ಯಕೀಯ ಶಿಕ್ಷಣವನ್ನು ಪೂರೈಸಿದರು. ಜನರ ಬಾಯಲ್ಲಿ ಬಾರ್ಟ್ಸ್ ಎಂದೇ ಕರೆಯಲ್ಪಡುವ ಈ ಆಸ್ಪತ್ರೆ ಅವರ ವೃತ್ತಿಜೀವನದ ಕೇಂದ್ರವಾಯಿತು. ಆ ದಿನಗಳಲ್ಲಿ ಲಂಡನ್ನಿನ ಬ್ರನ್ಸ್‌ವಿಕ್ ಚೌಕದ ಮನೆಯೊಂದರಲ್ಲಿ ವಾಸವಾಗಿದ್ದ ಕೇನ್ಸ್ ಅವರಿಗೆ ಲೇಖಕರ ಸ್ನೇಹವಲಯವೂ ಹತ್ತಿರವಾಗಿತ್ತು. 1913ರ ಸೆಪ್ಟೆಂಬರ್‌ನಲ್ಲಿ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ನಿದ್ರೆಯ ಔಷಧಿಯಿಂದಾಗಿ ಪ್ರಾಣಾಪಾಯಕ್ಕೆ ಸಿಲುಕಿದಾಗ, ಆಕೆಯ ಪತಿ ಲಿಯೊನಾರ್ಡ್ ಜೊತೆಗೂಡಿ ಆಸ್ಪತ್ರೆಗೆ ಧಾವಿಸಿ ಜಠರ ತೊಳೆಯುವ ಉಪಕರಣವನ್ನು ತಂದು ಆಕೆಯ ಜೀವ ಉಳಿಸಲು ನೆರವಾದವರು ಕೇನ್ಸ್.

ಮೊದಲ ಮಹಾಯುದ್ಧ ಮತ್ತು ರಕ್ತಪೂರಣ

1914ರಲ್ಲಿ ಮಹಾಯುದ್ಧ ಆರಂಭವಾದಾಗ ಕೇನ್ಸ್ ಸೇನೆಯ ವೈದ್ಯಕೀಯ ದಳವಾದ ರಾಯಲ್ ಆರ್ಮಿ ಮೆಡಿಕಲ್ ಕೋರ್‌ಗೆ ಸೇರಿ ಫ್ರಾನ್ಸಿನ ರಣರಂಗದಲ್ಲಿ ಸೇವೆ ಸಲ್ಲಿಸಿದರು. ಗಾಯಗೊಂಡ ಸೈನಿಕರಲ್ಲಿ ಅನೇಕರು ಗಾಯದ ತೀವ್ರತೆಗಿಂತ ರಕ್ತನಷ್ಟದಿಂದ ಮತ್ತು ಅದರಿಂದುಂಟಾಗುವ ಆಘಾತಸ್ಥಿತಿಯಿಂದ ಸಾಯುತ್ತಿದ್ದರು. ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳುವ ಶಕ್ತಿಯೇ ಇಲ್ಲದವರನ್ನು ಸಾಯಲು ಬಿಡುವುದು ಅನಿವಾರ್ಯವೆಂಬ ಪರಿಸ್ಥಿತಿ ಇತ್ತು.

ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 20ನೆಯ ಶತಮಾನದ ಆರಂಭದಲ್ಲಿಯೇ ಗುರುತಿಸಿದ್ದರು. ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲವೆಂಬುದು ಯುದ್ಧದ ಆರಂಭದ ವರ್ಷಗಳಲ್ಲಿ ತಿಳಿದುಬಂದಿತ್ತು. ಅಮೆರಿಕದಿಂದ ಬಂದಿದ್ದ ವೈದ್ಯರಿಂದ ಕೇನ್ಸ್ ಈ ವಿಧಾನವನ್ನು ಕಲಿತು, ರಣರಂಗದ ಸಮೀಪದ ಡೇರೆಗಳಲ್ಲಿಯೂ ಬಳಸಬಹುದಾದ, ಸುಲಭವಾಗಿ ಹೊತ್ತೊಯ್ಯಬಹುದಾದ ಉಪಕರಣವೊಂದನ್ನು ರೂಪಿಸಿದರು. ರಕ್ತವು ರೋಗಿಯ ದೇಹಕ್ಕೆ ಹರಿಯುವ ವೇಗವನ್ನು ನಿಯಂತ್ರಿಸುವ ವ್ಯವಸ್ಥೆ ಅದರಲ್ಲಿತ್ತು. ಸಾವು ಖಚಿತವೆಂದು ಪಕ್ಕಕ್ಕೆ ಇರಿಸಲಾಗಿದ್ದ ಸೈನಿಕರಲ್ಲಿ ಕೆಲವರು ರಕ್ತ ಪಡೆದ ಬಳಿಕ ಚೇತರಿಸಿಕೊಂಡು ಶಸ್ತ್ರಚಿಕಿತ್ಸೆಗೆ ಅರ್ಹರಾದರು.

ಯುದ್ಧ ಮುಗಿದ ಮೇಲೆ, 1922ರಲ್ಲಿ, ಕೇನ್ಸ್ ರಕ್ತಪೂರಣವನ್ನು ಕುರಿತು ಪುಸ್ತಕ ಬರೆದರು. ಬ್ರಿಟಿಷ್ ವೈದ್ಯರೊಬ್ಬರು ಈ ವಿಷಯದ ಮೇಲೆ ಬರೆದ ಮೊದಲ ಪುಸ್ತಕವಿದು. 1921ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ರೆಡ್ ಕ್ರಾಸ್ ಶಾಖೆಯ ಕಾರ್ಯದರ್ಶಿ ಪರ್ಸಿ ಲೇನ್ ಆಲಿವರ್ ಸ್ವಯಂಪ್ರೇರಿತ ರಕ್ತದಾನಿಗಳ ಪಟ್ಟಿಯನ್ನು ಸಿದ್ಧಪಡಿಸಿ, ಆಸ್ಪತ್ರೆಗಳಿಂದ ಕರೆ ಬಂದಾಗ ದಾನಿಗಳನ್ನು ಕಳುಹಿಸುವ ಸೇವೆಯನ್ನು ಆರಂಭಿಸಿದ್ದರು. ಈ ಸೇವೆ ನೆಲೆಯೂರಲು ವೈದ್ಯಕೀಯ ಸಲಹೆ ಮತ್ತು ಬೆಂಬಲ ನೀಡಿದವರು ಕೇನ್ಸ್.

ಅಂದಿನ ಸ್ತನ ಕ್ಯಾನ್ಸರ್ ಚಿಕಿತ್ಸೆ

ಕೇನ್ಸ್ ಅವರ ಮುಖ್ಯ ಸಾಧನೆಯ ಮಹತ್ವ ತಿಳಿಯಬೇಕಾದರೆ ಅಂದಿನ ಸ್ತನ ಕ್ಯಾನ್ಸರ್ ಚಿಕಿತ್ಸೆಯ ಸ್ವರೂಪವನ್ನು ಅರಿಯುವುದು ಅಗತ್ಯ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ ಸಮೂಲ ಶಸ್ತ್ರಚಿಕಿತ್ಸೆಯ ವಿವರಗಳನ್ನು ಪ್ರಕಟಿಸಿದ್ದರು. ಕ್ಯಾನ್ಸರ್ ಮೊದಲು ಸ್ತನದಲ್ಲಿ ಹುಟ್ಟಿ, ಅಲ್ಲಿಂದ ಸುತ್ತಲಿನ ಅಂಗಾಂಶಗಳಿಗೂ ಕಂಕುಳಿನ ದುಗ್ಧಗ್ರಂಥಿಗಳಿಗೂ ಹಂತಹಂತವಾಗಿ ಹಬ್ಬುತ್ತದೆ. ಆದ್ದರಿಂದ ಎಷ್ಟು ವಿಸ್ತಾರವಾಗಿ ಕತ್ತರಿಸಿದರೆ ಅಷ್ಟು ಒಳ್ಳೆಯದು ಎಂಬುದು ಅವರ ವಾದದ ತಿರುಳು. ಇದರಂತೆ ಇಡೀ ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು ಮತ್ತು ಕಂಕುಳಿನ ಗ್ರಂಥಿಗಳನ್ನು ಒಟ್ಟಾಗಿ ತೆಗೆಯಲಾಗುತ್ತಿತ್ತು.

ಈ ಶಸ್ತ್ರಚಿಕಿತ್ಸೆಯಿಂದ ಅನೇಕ ಮಹಿಳೆಯರಲ್ಲಿ ರೋಗವು ಅದೇ ಜಾಗದಲ್ಲಿ ಮರುಕಳಿಸುವುದು ಕಡಿಮೆಯಾಯಿತೆಂಬುದು ನಿಜ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದಾಗಿತ್ತು. ಎದೆ ಗುಳಿಬಿದ್ದು ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ತೋಳು ಬಾತುಕೊಂಡು, ಭುಜವನ್ನು ಎತ್ತುವುದು ಕಷ್ಟವಾಗುತ್ತಿತ್ತು. ಇದೇ ಭಯದಿಂದ ಎಷ್ಟೋ ಮಹಿಳೆಯರು ಗಂಟು ಕಂಡರೂ ಮುಚ್ಚಿಟ್ಟುಕೊಂಡು, ರೋಗ ಬಲಿತ ಮೇಲೆಯೇ ವೈದ್ಯರ ಬಳಿ ಬರುತ್ತಿದ್ದರು. ಇಷ್ಟಾದರೂ ರೋಗ ದೇಹದ ಇತರ ಭಾಗಗಳಿಗೆ ಹರಡಿ ಸಾಯುವವರ ಸಂಖ್ಯೆ ಕಡಿಮೆಯಿರಲಿಲ್ಲ. ಆದಾಗ್ಯೂ ಸುಮಾರು ಮುಕ್ಕಾಲು ಶತಮಾನ ಕಾಲ ಈ ಪದ್ಧತಿಯೇ ಪ್ರಶ್ನಾತೀತವೆಂಬಂತೆ ನಡೆದುಬಂದಿತು.

ರೇಡಿಯಂ ಸೂಜಿಗಳ ಪ್ರಯೋಗ

ಮಾರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ 1898ರಲ್ಲಿ ಕಂಡುಹಿಡಿದ ರೇಡಿಯಂ ಧಾತುವಿನಿಂದ ಹೊರಡುವ ಕಿರಣಗಳು ಜೀವಕೋಶಗಳನ್ನು ನಾಶಪಡಿಸಬಲ್ಲವು. ವೇಗವಾಗಿ ವಿಭಜನೆಗೊಳ್ಳುವ ಕ್ಯಾನ್ಸರ್ ಕೋಶಗಳ ಮೇಲೆ ಈ ಪರಿಣಾಮ ಹೆಚ್ಚು. ಚರ್ಮ, ಬಾಯಿ ಮತ್ತು ಗರ್ಭಕೊರಳಿನ ಕ್ಯಾನ್ಸರಿಗೆ ರೇಡಿಯಂ ಬಳಕೆ ಆಗಲೇ ಆರಂಭವಾಗಿತ್ತು. ಯುದ್ಧಾನಂತರ ಬಾರ್ಟ್ಸ್ ಆಸ್ಪತ್ರೆಯಲ್ಲಿ ಪ್ರೊಫೆಸರ್ ಜಾರ್ಜ್ ಗ್ಯಾಸ್ಕ್ ಅವರ ನೇತೃತ್ವದ ಶಸ್ತ್ರಚಿಕಿತ್ಸಾ ಘಟಕದಲ್ಲಿ ಕೆಲಸ ಮಾಡುತ್ತಿದ್ದ ಕೇನ್ಸ್, 1920ರ ದಶಕದಲ್ಲಿ ಇದನ್ನು ಸ್ತನ ಕ್ಯಾನ್ಸರಿಗೆ ಅನ್ವಯಿಸತೊಡಗಿದರು.

ಆರಂಭದಲ್ಲಿ ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲದಷ್ಟು ರೋಗ ಬಲಿತವರಿಗೆ ಮಾತ್ರ ಈ ಚಿಕಿತ್ಸೆ ನೀಡಲಾಯಿತು. ಇವರಲ್ಲಿ ಹುಣ್ಣಾಗಿ ಒಡೆದ ಗಡ್ಡೆಗಳು ಕುಗ್ಗಿ ಚರ್ಮ ಮಾಯ್ದುದನ್ನು ಕಂಡ ಕೇನ್ಸ್ ಅವರಿಗೆ ಒಂದು ಸಹಜವಾದ ಪ್ರಶ್ನೆ ಎದುರಾಯಿತು. ಬಲಿತ ಗಡ್ಡೆಯನ್ನೇ ರೇಡಿಯಂ ಕರಗಿಸಬಲ್ಲದಾದರೆ, ಆರಂಭದ ಹಂತದಲ್ಲಿರುವ ಸಣ್ಣ ಗಡ್ಡೆಗೆ ಅದನ್ನು ಏಕೆ ಬಳಸಬಾರದು? ಹಾಗೆ ಅವರು ಶಸ್ತ್ರಚಿಕಿತ್ಸೆಗೆ ಅರ್ಹರಾಗಿದ್ದ ರೋಗಿಗಳಿಗೂ ಈ ಚಿಕಿತ್ಸೆಯನ್ನು ವಿಸ್ತರಿಸಿದರು.

ಚಿಕಿತ್ಸೆಯ ವಿಧಾನ ಹೀಗಿತ್ತು. ಅತಿ ಸಣ್ಣ ಪ್ರಮಾಣದ ರೇಡಿಯಂ ಲವಣವನ್ನು ಪ್ಲಾಟಿನಂ ಲೋಹದ ಟೊಳ್ಳು ಸೂಜಿಗಳಲ್ಲಿ ತುಂಬಿ ಮುಚ್ಚಲಾಗುತ್ತಿತ್ತು. ಅಂಗಾಂಶವನ್ನು ಸುಡುವ ಬೀಟಾ ಕಿರಣಗಳನ್ನು ಪ್ಲಾಟಿನಂ ತಡೆದು, ಆಳಕ್ಕೆ ಇಳಿಯುವ ಗಾಮಾ ಕಿರಣಗಳನ್ನು ಮಾತ್ರ ಹೊರಬಿಡುತ್ತಿತ್ತು. ರೋಗಿಗೆ ಅರಿವಳಿಕೆ ನೀಡಿ, ಗಡ್ಡೆಯ ಸುತ್ತ ಹಾಗೂ ಕೆಳಗೆ, ಸ್ತನದ ಉಳಿದ ಭಾಗದಲ್ಲಿ, ಕಂಕುಳಿನಲ್ಲಿ, ಕೊರಳೆಲುಬಿನ ಮೇಲೆ ಮತ್ತು ಪಕ್ಕೆಲುಬುಗಳ ನಡುವೆ ಈ ಸೂಜಿಗಳನ್ನು ಕ್ರಮಬದ್ಧವಾಗಿ ಸೇರಿಸಲಾಗುತ್ತಿತ್ತು. ಕೆಲವು ದಿನಗಳ ಕಾಲ ಅಲ್ಲಿಯೇ ಬಿಟ್ಟು ನಂತರ ತೆಗೆಯಲಾಗುತ್ತಿತ್ತು. ಅನುಭವ ಹೆಚ್ಚಿದಂತೆ, ಮೊದಲು ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆದು ಆಮೇಲೆ ಸೂಜಿಗಳನ್ನು ಇಡುವ ಕ್ರಮವನ್ನೂ ಅವರು ಅನುಸರಿಸಿದರು. ಇಂದಿನ ಸ್ತನರಕ್ಷಕ ಚಿಕಿತ್ಸೆಯ ಎರಡು ಹೆಜ್ಜೆಗಳಾದ ಗಡ್ಡೆ ತೆಗೆಯುವಿಕೆ ಮತ್ತು ವಿಕಿರಣ, ಇಲ್ಲಿ ಜೊತೆಯಾಗಿರುವುದನ್ನು ಕಾಣಬಹುದು.

ಈ ವಿಧಾನಕ್ಕೆ ತನ್ನದೇ ಆದ ತೊಡಕುಗಳೂ ಇದ್ದವು. ರೇಡಿಯಂ ದುರ್ಲಭವಾಗಿತ್ತು ಮತ್ತು ಬಹಳ ದುಬಾರಿಯಾಗಿತ್ತು. ದೇಹದ ಯಾವ ಭಾಗಕ್ಕೆ ಎಷ್ಟು ವಿಕಿರಣ ತಲುಪಿತೆಂದು ಇಂದಿನಷ್ಟು ಕರಾರುವಾಕ್ಕಾಗಿ ಲೆಕ್ಕಹಾಕುವ ಸಾಧನಗಳು ಇರಲಿಲ್ಲ. ಕೆಲವರಲ್ಲಿ ಚರ್ಮ ಮತ್ತು ಸ್ತನದ ಅಂಗಾಂಶ ಗಟ್ಟಿಯಾಗುತ್ತಿತ್ತು. ಸೂಜಿಗಳನ್ನು ಕೈಯಾರೆ ಸೇರಿಸುವ ವೈದ್ಯರೂ ರೋಗಿಯ ಆರೈಕೆ ಮಾಡುವ ದಾದಿಯರೂ ವಿಕಿರಣಕ್ಕೆ ಒಡ್ಡಿಕೊಳ್ಳಬೇಕಾಗಿತ್ತು.

ಫಲಿತಾಂಶ ಮತ್ತು ವಿರೋಧ

ಕೇನ್ಸ್ ತಮ್ಮ ರೋಗಿಗಳ ದಾಖಲೆಗಳನ್ನು ಶ್ರದ್ಧೆಯಿಂದ ಕಾಪಾಡಿಕೊಂಡು, ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸುತ್ತ ಬಂದರು. ಫಲಿತಾಂಶಗಳನ್ನು 1920ರ ದಶಕದ ಕೊನೆಯಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. 1937ರಲ್ಲಿ ಬ್ರಿಟನ್ನಿನ ಹಾಗೂ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಲೇಖನಗಳು ಇವುಗಳಲ್ಲಿ ಮುಖ್ಯವಾದವು. ರೋಗವು ಸ್ತನಕ್ಕಷ್ಟೇ ಸೀಮಿತವಾಗಿದ್ದ ಮಹಿಳೆಯರಲ್ಲಿ ಚಿಕಿತ್ಸೆಯ ಐದು ವರ್ಷಗಳ ನಂತರ ಬದುಕಿದ್ದವರು ಶೇ. 70ರ ಆಸುಪಾಸಿನಲ್ಲಿದ್ದರು. ಕಂಕುಳಿನ ಗ್ರಂಥಿಗಳಿಗೆ ರೋಗ ಹಬ್ಬಿದ್ದವರಲ್ಲಿ ಈ ಪ್ರಮಾಣ ಶೇ. 30ರಷ್ಟಿತ್ತು. ಸಮೂಲ ಶಸ್ತ್ರಚಿಕಿತ್ಸೆಗೆ ಒಳಗಾದವರ ಫಲಿತಾಂಶವೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಂದರೆ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಕಳೆದುಕೊಂಡವರಿಗೆ ಅದರಿಂದ ಹೆಚ್ಚಿನ ಆಯುಸ್ಸು ದೊರೆತಿರಲಿಲ್ಲ ಎಂಬುದು ಈ ಅಂಕಿಗಳ ಸೂಚನೆ.

ಇದರಿಂದ ಕೇನ್ಸ್ ಒಂದು ತೀರ್ಮಾನಕ್ಕೆ ಬಂದರು. ಕಂಕುಳಿನಾಚೆಗೆ ರೋಗ ಹರಡಿದ್ದರೆ ಎಷ್ಟೇ ವಿಸ್ತಾರವಾಗಿ ಕತ್ತರಿಸಿದರೂ ಪ್ರಯೋಜನವಿಲ್ಲ. ಹರಡಿಲ್ಲದಿದ್ದರೆ ಅಷ್ಟು ವಿಸ್ತಾರವಾಗಿ ಕತ್ತರಿಸುವ ಅಗತ್ಯವೇ ಇಲ್ಲ. ಸಮೂಲ ಎಂಬ ವಿಶೇಷಣವೇ ರೋಗಿಯನ್ನೂ ವೈದ್ಯನನ್ನೂ ದಾರಿತಪ್ಪಿಸುತ್ತದೆಂಬುದು ಅವರ ಅಭಿಪ್ರಾಯವಾಗಿತ್ತು.

ವೈದ್ಯಲೋಕದ ಪ್ರತಿಕ್ರಿಯೆ ಉತ್ಸಾಹದಾಯಕವಾಗಿರಲಿಲ್ಲ. ಬ್ರಿಟನ್ನಿನ ಹಿರಿಯ ಶಸ್ತ್ರವೈದ್ಯರಲ್ಲಿ ಅನೇಕರು ಇದನ್ನು ಅಪಾಯಕಾರಿ ಸಡಿಲಿಕೆಯೆಂದು ಭಾವಿಸಿದರು. ಹಾಲ್‌ಸ್ಟೆಡ್ ಪರಂಪರೆ ಗಟ್ಟಿಯಾಗಿ ಬೇರೂರಿದ್ದ ಅಮೆರಿಕದಲ್ಲಿ ವಿರೋಧ ಇನ್ನೂ ಪ್ರಬಲವಾಗಿತ್ತು. ಈ ವಿರೋಧಕ್ಕೆ ಒಂದು ಆಧಾರವೂ ಇತ್ತೆನ್ನಬೇಕು. ಒಂದೇ ಆಸ್ಪತ್ರೆಯ, ಒಬ್ಬರೇ ವೈದ್ಯರ ರೋಗಿಗಳ ದಾಖಲೆಯಿಂದ ಎರಡು ಚಿಕಿತ್ಸೆಗಳನ್ನು ನಿಷ್ಪಕ್ಷಪಾತವಾಗಿ ಹೋಲಿಸುವುದು ಕಷ್ಟ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ಹೋಲಿಸುವ ಯಾದೃಚ್ಛಿಕ ಪ್ರಯೋಗದ ಪದ್ಧತಿ ವೈದ್ಯಕೀಯದಲ್ಲಿ ರೂಢಿಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಹೀಗಾಗಿ ಕೇನ್ಸ್ ಅವರ ಬಳಿ ಅನುಭವವಿತ್ತು, ದಾಖಲೆಗಳಿದ್ದವು. ವಿರೋಧಿಗಳನ್ನು ಒಪ್ಪಿಸಬಲ್ಲ ಬಗೆಯ ಪುರಾವೆ ಮಾತ್ರ ಆ ಕಾಲಕ್ಕೆ ಲಭ್ಯವಿರಲಿಲ್ಲ.

ಎರಡನೆಯ ಮಹಾಯುದ್ಧ ಮತ್ತು ನಂತರದ ವೃತ್ತಿಜೀವನ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬಾಂಬ್ ದಾಳಿಯಿಂದ ರೇಡಿಯಂ ಚದುರಿದರೆ ಜನರಿಗೆ ಅಪಾಯವಾಗುವುದೆಂಬ ಕಾರಣಕ್ಕೆ ಲಂಡನ್ನಿನ ಆಸ್ಪತ್ರೆಗಳ ರೇಡಿಯಂ ಅನ್ನು ಸುರಕ್ಷಿತ ಸ್ಥಳಗಳಲ್ಲಿ ಇರಿಸಲಾಯಿತು. ಕೇನ್ಸ್ ಅವರ ಸ್ತನ ಕ್ಯಾನ್ಸರ್ ಚಿಕಿತ್ಸೆಯ ಕೆಲಸ ಅಲ್ಲಿಗೆ ನಿಂತಿತು. ಅವರು ವಾಯುಪಡೆಯ ಸಲಹಾ ಶಸ್ತ್ರವೈದ್ಯರಾಗಿ ನೇಮಕಗೊಂಡು, ಏರ್ ವೈಸ್ ಮಾರ್ಷಲ್ ಪದವಿಗೆ ಏರಿದರು. ಯುದ್ಧ ಮುಗಿಯುವ ವೇಳೆಗೆ ಅವರ ವೃತ್ತಿಯ ಗಮನ ಬೇರೆಡೆಗೆ ತಿರುಗಿತ್ತು. ಸ್ತನ ಕ್ಯಾನ್ಸರ್ ಚಿಕಿತ್ಸೆಯೂ ಮತ್ತೆ ಹಳೆಯ ಜಾಡಿಗೆ ಮರಳಿತು.

ಯುದ್ಧದ ನಡುವೆಯೇ, 1942ರಿಂದ, ಕೇನ್ಸ್ ಮಯಸ್ತೇನಿಯಾ ಗ್ರೇವಿಸ್ ರೋಗಿಗಳಿಗೆ ಥೈಮಸ್ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ನಡೆಸತೊಡಗಿದರು. ರೆಪ್ಪೆ ಎತ್ತಲು, ಆಹಾರ ನುಂಗಲು, ಕೆಲವೊಮ್ಮೆ ಉಸಿರಾಡಲು ಕೂಡ ಸ್ನಾಯುಗಳಲ್ಲಿ ಬಲವಿಲ್ಲದಂತೆ ಮಾಡುವ ರೋಗವಿದು. ಅಮೆರಿಕದಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಈ ಶಸ್ತ್ರಚಿಕಿತ್ಸೆಗೆ ದಾರಿ ತೋರಿದ್ದರು. ಬ್ರಿಟನ್ನಿನಲ್ಲಿ ಅದನ್ನು ವ್ಯಾಪಕವಾಗಿ ನಡೆಸಿ, ಯಾವ ಬಗೆಯ ರೋಗಿಗಳಿಗೆ ಇದರಿಂದ ಹೆಚ್ಚು ಪ್ರಯೋಜನವೆಂಬುದನ್ನು ಸ್ಪಷ್ಟಪಡಿಸಿದವರು ಕೇನ್ಸ್. ಲಂಡನ್ನಿನ ನ್ಯೂ ಎಂಡ್ ಆಸ್ಪತ್ರೆಯಲ್ಲಿ ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಗೂ ಅವರು ಹೆಸರಾಗಿದ್ದರು.

ಸಾಹಿತ್ಯ ಸೇವೆ

ಶಸ್ತ್ರಚಿಕಿತ್ಸೆಯ ಬಿಡುವಿಲ್ಲದ ದುಡಿಮೆಯ ನಡುವೆ ಕೇನ್ಸ್ ಗ್ರಂಥಸೂಚಿ ರಚನೆಯನ್ನು ಎರಡನೆಯ ವೃತ್ತಿಯೆಂಬಂತೆ ನಡೆಸಿಕೊಂಡು ಬಂದರು. ಲೇಖಕನೊಬ್ಬನ ಎಲ್ಲ ಕೃತಿಗಳನ್ನೂ ಅವುಗಳ ವಿವಿಧ ಮುದ್ರಣಗಳನ್ನೂ ಪತ್ತೆಹಚ್ಚಿ, ವಿವರಗಳೊಂದಿಗೆ ಪಟ್ಟಿಮಾಡುವ ಈ ಕೆಲಸಕ್ಕೆ ಅಪಾರ ತಾಳ್ಮೆ ಬೇಕು. 1914ರಲ್ಲಿ ಕವಿ ಜಾನ್ ಡನ್‌ನ ಗ್ರಂಥಸೂಚಿಯಿಂದ ಆರಂಭಿಸಿ ಥಾಮಸ್ ಬ್ರೌನ್, ವಿಲಿಯಂ ಹಾರ್ವೆ, ಜೇನ್ ಆಸ್ಟಿನ್, ಜಾನ್ ಎವೆಲಿನ್, ಜಾನ್ ರೇ, ರಾಬರ್ಟ್ ಹುಕ್ ಮುಂತಾದವರ ಗ್ರಂಥಸೂಚಿಗಳನ್ನು ಅವರು ಸಿದ್ಧಪಡಿಸಿದರು. ಈ ಹೆಸರುಗಳಲ್ಲಿ ಸಾಹಿತಿಗಳ ಜೊತೆಗೆ ವೈದ್ಯರೂ ವಿಜ್ಞಾನಿಗಳೂ ಇರುವುದನ್ನು ಗಮನಿಸಬಹುದು.

ವಿಲಿಯಂ ಬ್ಲೇಕ್ ಕುರಿತ ಅವರ ಕೆಲಸ ಇವೆಲ್ಲಕ್ಕೂ ಮಿಗಿಲಾದುದು. 1921ರಲ್ಲಿ ಬ್ಲೇಕ್‌ನ ಗ್ರಂಥಸೂಚಿಯನ್ನು ನ್ಯೂಯಾರ್ಕಿನ ಗ್ರೋಲಿಯರ್ ಕ್ಲಬ್ ಪ್ರಕಟಿಸಿತು. 1925ರಲ್ಲಿ ಬ್ಲೇಕ್‌ನ ಸಮಗ್ರ ಬರವಣಿಗೆ ಕೇನ್ಸ್ ಅವರ ಸಂಪಾದಕತ್ವದಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ಬದುಕಿದ್ದಾಗ ಹೆಚ್ಚಿನ ಮನ್ನಣೆ ದೊರೆಯದ ಈ ಕವಿ 20ನೆಯ ಶತಮಾನದಲ್ಲಿ ಇಂಗ್ಲಿಷ್ ಸಾಹಿತ್ಯದ ಮುಂಚೂಣಿಗೆ ಬರಲು ಈ ಸಂಪುಟಗಳು ನೆರವಾದವು. ಬ್ಲೇಕ್‌ನ ವರ್ಣಮಯ ಗ್ರಂಥಗಳ ಯಥಾಪ್ರತಿಗಳನ್ನು ಮುದ್ರಿಸುವ ಉದ್ದೇಶದ ಬ್ಲೇಕ್ ಟ್ರಸ್ಟ್ ಸ್ಥಾಪನೆಯಲ್ಲಿಯೂ ಕೇನ್ಸ್ ಪ್ರಮುಖ ಪಾತ್ರ ವಹಿಸಿದರು.

ಬೈಬಲ್ಲಿನ ಯೋಬನ ಕಥೆಗೆ ಬ್ಲೇಕ್ ರಚಿಸಿದ ಚಿತ್ರಗಳನ್ನು ಆಧರಿಸಿ ಕೇನ್ಸ್ ಒಂದು ನೃತ್ಯರೂಪಕದ ಕಥಾಚೌಕಟ್ಟನ್ನು ರೂಪಿಸಿದರು. ರಷ್ಯಾದ ಪ್ರಸಿದ್ಧ ಬ್ಯಾಲೆ ಸಂಘಟಕ ಡಿಯಾಗಿಲೆಫ್ ಅದನ್ನು ನಿರಾಕರಿಸಿದ. ಆದರೆ ರಾಲ್ಫ್ ವಾನ್ ವಿಲಿಯಮ್ಸ್ ಅದಕ್ಕೆ ಸಂಗೀತ ರಚಿಸಿದರು, ನಿನೆಟ್ ಡಿ ವಾಲ್ವಾ ನೃತ್ಯ ಸಂಯೋಜಿಸಿದರು. ಕೇನ್ಸ್ ಅವರ ಪತ್ನಿಯ ಅಕ್ಕ, ಕಲಾವಿದೆ ಗ್ವೆನ್ ರೇವರಾ ರಂಗವಿನ್ಯಾಸ ಮಾಡಿದರು. 1931ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ಈ ರೂಪಕ ಬ್ರಿಟಿಷ್ ಬ್ಯಾಲೆಯ ಇತಿಹಾಸದಲ್ಲಿ ಒಂದು ಮೈಲಿಗಲ್ಲೆನಿಸಿತು.

ವೈಯಕ್ತಿಕ ಜೀವನ

1917ರಲ್ಲಿ ಕೇನ್ಸ್ ಅವರು ಮಾರ್ಗರೆಟ್ ಎಲಿಜಬೆತ್ ಡಾರ್ವಿನ್ ಅವರನ್ನು ವಿವಾಹವಾದರು. ಮಾರ್ಗರೆಟ್, ಖಗೋಳ ವಿಜ್ಞಾನಿ ಸರ್ ಜಾರ್ಜ್ ಡಾರ್ವಿನ್ ಅವರ ಮಗಳು. ಜೀವವಿಕಾಸ ಸಿದ್ಧಾಂತದ ಪ್ರವರ್ತಕ ಚಾರ್ಲ್ಸ್ ಡಾರ್ವಿನ್ ಅವರ ಮೊಮ್ಮಗಳು. ದಂಪತಿಗಳಿಗೆ ರಿಚರ್ಡ್, ಕ್ವೆಂಟಿನ್, ಮೈಲೋ ಮತ್ತು ಸ್ಟೀಫನ್ ಎಂಬ ನಾಲ್ವರು ಗಂಡುಮಕ್ಕಳು. ಹಿರಿಯ ಮಗ ರಿಚರ್ಡ್ ಕೇನ್ಸ್ ಶರೀರಕ್ರಿಯಾ ವಿಜ್ಞಾನಿಯಾಗಿ ಖ್ಯಾತರಾದರು.

ಗೌರವಗಳು ಮತ್ತು ನಿಧನ

1955ರಲ್ಲಿ ಬ್ರಿಟಿಷ್ ಸರ್ಕಾರ ಕೇನ್ಸ್ ಅವರಿಗೆ ಸರ್ ಪದವಿ ನೀಡಿ ಗೌರವಿಸಿತು. 1958ರಲ್ಲಿ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನ ಹಾರ್ವೆ ಸ್ಮಾರಕ ಉಪನ್ಯಾಸ ನೀಡಿದರು. ಅದೇ ವರ್ಷದಿಂದ 1966ರವರೆಗೆ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ವಿಶ್ವಸ್ತ ಮಂಡಳಿಯ ಅಧ್ಯಕ್ಷರಾಗಿದ್ದರು. ರಕ್ತ ಪರಿಚಲನೆಯನ್ನು ನಿರೂಪಿಸಿದ ವೈದ್ಯ ವಿಲಿಯಂ ಹಾರ್ವೆಯ ಜೀವನಚರಿತ್ರೆಗಾಗಿ ಅವರಿಗೆ ಜೇಮ್ಸ್ ಟೇಟ್ ಬ್ಲ್ಯಾಕ್ ಸ್ಮಾರಕ ಪ್ರಶಸ್ತಿ ಲಭಿಸಿತು. ತಮ್ಮ ಆತ್ಮಕಥೆಯನ್ನು ಅವರು 1981ರಲ್ಲಿ, 94ನೆಯ ವಯಸ್ಸಿನಲ್ಲಿ ಪ್ರಕಟಿಸಿದರು. 1982ರ ಜುಲೈ 5ರಂದು ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಜೀವಮಾನವಿಡೀ ಸಂಗ್ರಹಿಸಿದ ಅಮೂಲ್ಯ ಗ್ರಂಥಗಳು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸೇರಿವೆ.

ನಂತರದ ಅಧ್ಯಯನಗಳು

ಕೇನ್ಸ್ 1930ರ ದಶಕದಲ್ಲಿ ಮಂಡಿಸಿದ ವಿಚಾರಕ್ಕೆ ದೃಢವಾದ ಸಮರ್ಥನೆ ದೊರೆಯಲು ಸುಮಾರು ಅರ್ಧ ಶತಮಾನ ಬೇಕಾಯಿತು. ಇಟಲಿಯ ಮಿಲಾನ್ ನಗರದಲ್ಲಿ ಉಂಬರ್ಟೊ ವೆರೊನೇಸಿ ನೇತೃತ್ವದ ತಂಡ 1973ರಿಂದ 1980ರವರೆಗೆ ಸಣ್ಣ ಗಡ್ಡೆಯಿದ್ದ 701 ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿತು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸ್ತನದ ಒಂದು ಭಾಗವನ್ನಷ್ಟೇ ತೆಗೆದು ವಿಕಿರಣ ನೀಡುವ ಚಿಕಿತ್ಸೆ ದೊರೆಯಿತು. 1981ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಗುಂಪುಗಳ ಜೀವಿತಾವಧಿಯಲ್ಲಿ ವ್ಯತ್ಯಾಸವಿರಲಿಲ್ಲ. ಇದು ಪ್ರಕಟವಾದಾಗ ಕೇನ್ಸ್ ಜೀವಂತರಾಗಿದ್ದರು.

ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ 1976ರಲ್ಲಿ ಆರಂಭವಾದ ಇನ್ನೊಂದು ದೊಡ್ಡ ಪ್ರಯೋಗ ಇದೇ ನಿರ್ಣಯಕ್ಕೆ ಬಂದಿತು. ಗಡ್ಡೆ ತೆಗೆದ ನಂತರ ವಿಕಿರಣ ಏಕೆ ಮುಖ್ಯವೆಂಬುದನ್ನೂ ಈ ಪ್ರಯೋಗ ತೋರಿಸಿತು. 20 ವರ್ಷಗಳ ಅವಧಿಯಲ್ಲಿ, ಗಡ್ಡೆಯನ್ನು ಮಾತ್ರ ತೆಗೆಸಿಕೊಂಡವರಲ್ಲಿ ಶೇ. 39.2ರಷ್ಟು ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸಿತು. ವಿಕಿರಣವನ್ನೂ ಪಡೆದವರಲ್ಲಿ ಈ ಪ್ರಮಾಣ ಶೇ. 14.3 ಮಾತ್ರ. ಈ ಅಧ್ಯಯನಗಳ ನಂತರ ಸಮೂಲ ಶಸ್ತ್ರಚಿಕಿತ್ಸೆ ಬಹುತೇಕ ಬಳಕೆಯಿಂದ ಮರೆಯಾಯಿತು.

ಭಾಗಶಃ ಸ್ತನ ವಿಕಿರಣ ಚಿಕಿತ್ಸೆ

ಸ್ತನರಕ್ಷಕ ಚಿಕಿತ್ಸೆ ರೂಢಿಗೆ ಬಂದ ಮೇಲೆ ಇಡೀ ಸ್ತನಕ್ಕೆ ಹೊರಗಿನಿಂದ ಯಂತ್ರದ ಮೂಲಕ ವಿಕಿರಣ ನೀಡುವುದು ಸಾಮಾನ್ಯವಾಯಿತು. ಇದಕ್ಕಾಗಿ ರೋಗಿ ಐದು ವಾರಗಳಷ್ಟು ಕಾಲ ವಾರದ ಐದು ದಿನವೂ ಆಸ್ಪತ್ರೆಗೆ ಹೋಗಬೇಕಾಗಿತ್ತು. ದೂರದ ಊರುಗಳಲ್ಲಿ ವಾಸಿಸುವವರಿಗೂ ದುಡಿಯುವ ಮಹಿಳೆಯರಿಗೂ ಇದು ಸುಲಭವಾಗಿರಲಿಲ್ಲ. ಕ್ಯಾನ್ಸರ್ ಮರುಕಳಿಸುವುದು ಬಹುಪಾಲು ಗಡ್ಡೆಯಿದ್ದ ಜಾಗದ ಸಮೀಪದಲ್ಲಿಯೇ ಎಂಬುದು ಅಧ್ಯಯನಗಳಿಂದ ತಿಳಿದುಬಂದಿತ್ತು. ಹಾಗಿದ್ದರೆ ಆ ಭಾಗಕ್ಕಷ್ಟೇ ವಿಕಿರಣ ನೀಡಿದರೆ ಸಾಲದೇ ಎಂಬ ಆಲೋಚನೆಯಿಂದ ಭಾಗಶಃ ಸ್ತನ ವಿಕಿರಣ ಚಿಕಿತ್ಸೆ ರೂಪುಗೊಂಡಿತು. ಇದರಿಂದ ಹೃದಯ, ಶ್ವಾಸಕೋಶ ಮತ್ತು ಸ್ತನದ ಉಳಿದ ಭಾಗಕ್ಕೆ ತಗಲುವ ವಿಕಿರಣ ಕಡಿಮೆಯಾಗುತ್ತದೆ. ಅನೇಕ ವಿಧಾನಗಳಲ್ಲಿ ಚಿಕಿತ್ಸೆಯ ಅವಧಿಯೂ ಒಂದೆರಡು ವಾರಗಳಿಗೆ ಇಳಿಯುತ್ತದೆ.

ಇದನ್ನು ನೀಡುವ ವಿಧಾನಗಳು ಹಲವು:

- ಗಡ್ಡೆ ತೆಗೆದ ಜಾಗದ ಸುತ್ತ ತೆಳುವಾದ ಕೊಳವೆಗಳನ್ನು ಸೇರಿಸಿ, ಅವುಗಳ ಮೂಲಕ ಇರಿಡಿಯಂ ಮುಂತಾದ ವಿಕಿರಣ ಆಕರವನ್ನು ಕೆಲಕಾಲ ಒಳಗೆ ಕಳುಹಿಸುವುದು.
- ಗಡ್ಡೆಯ ಕುಳಿಯಲ್ಲಿ ಸಣ್ಣ ಬಲೂನನ್ನು ಇರಿಸಿ, ಅದರೊಳಗಿಂದ ವಿಕಿರಣ ನೀಡುವುದು.
- ಶಸ್ತ್ರಚಿಕಿತ್ಸೆಯ ಸಮಯದಲ್ಲಿಯೇ ಒಂದೇ ಸಲಕ್ಕೆ ವಿಕಿರಣ ನೀಡಿ ಮುಗಿಸುವುದು.
- ಹೊರಗಿನ ಯಂತ್ರದಿಂದಲೇ ಗಡ್ಡೆಯಿದ್ದ ಭಾಗಕ್ಕೆ ಮಾತ್ರ ಕಿರಣಗಳನ್ನು ಕೇಂದ್ರೀಕರಿಸುವುದು.

ಇವುಗಳಲ್ಲಿ ಮೊದಲನೆಯದು ಕೇನ್ಸ್ ಅವರ ಸೂಜಿ ವಿಧಾನದ ನೇರ ಮುಂದುವರಿಕೆಯೆನ್ನಬಹುದು. ಆದರೆ ಎರಡರ ನಡುವಿನ ಅಂತರವನ್ನೂ ಗಮನಿಸಬೇಕು. ಕೇನ್ಸ್ ಗಡ್ಡೆಯ ಸುತ್ತಲಿನ ಭಾಗಕ್ಕಷ್ಟೇ ಅಲ್ಲದೆ ಇಡೀ ಸ್ತನಕ್ಕೂ ಕಂಕುಳಿಗೂ ಸೂಜಿಗಳನ್ನು ಇಡುತ್ತಿದ್ದರು. ಇಂದು ಸ್ಕ್ಯಾನಿಂಗ್ ಮತ್ತು ಗಣಕಯಂತ್ರದ ನೆರವಿನಿಂದ ವಿಕಿರಣದ ಪ್ರಮಾಣವನ್ನು ಮೊದಲೇ ಲೆಕ್ಕಹಾಕಲಾಗುತ್ತದೆ. ವಿಕಿರಣ ಆಕರವನ್ನು ದೂರನಿಯಂತ್ರಿತ ಯಂತ್ರ ಒಳಗೆ ಕಳುಹಿಸುವುದರಿಂದ ವೈದ್ಯರಿಗೂ ದಾದಿಯರಿಗೂ ಅಪಾಯವಿಲ್ಲ.

ಯುರೋಪಿನಲ್ಲಿ ಕೊಳವೆ ವಿಧಾನವನ್ನು ಕುರಿತು 1184 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಐದು ವರ್ಷಗಳೊಳಗೆ ಸ್ಥಳೀಯವಾಗಿ ರೋಗ ಮರುಕಳಿಸಿದ ಪ್ರಮಾಣ ಭಾಗಶಃ ಚಿಕಿತ್ಸೆ ಪಡೆದವರಲ್ಲಿ ಶೇ. 1.4, ಇಡೀ ಸ್ತನಕ್ಕೆ ಚಿಕಿತ್ಸೆ ಪಡೆದವರಲ್ಲಿ ಶೇ. 0.9 ಆಗಿತ್ತು. ಅಮೆರಿಕದಲ್ಲಿ 4216 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹತ್ತು ವರ್ಷಗಳ ನಂತರ ಈ ಪ್ರಮಾಣ ಕ್ರಮವಾಗಿ ಶೇ. 4.6 ಮತ್ತು ಶೇ. 3.9 ಇತ್ತು. ವ್ಯತ್ಯಾಸ ಸಣ್ಣದಾದರೂ, ಎರಡೂ ಚಿಕಿತ್ಸೆಗಳು ಎಲ್ಲರಿಗೂ ಸಮಾನವೆಂದು ಈ ಪ್ರಯೋಗ ಸಾಬೀತುಪಡಿಸಲಿಲ್ಲ. ಆದ್ದರಿಂದ ಸಾಮಾನ್ಯವಾಗಿ ಐವತ್ತು ವರ್ಷ ದಾಟಿದ, ಗಡ್ಡೆ ಸಣ್ಣದಾಗಿರುವ, ತೆಗೆದ ಗಡ್ಡೆಯ ಅಂಚುಗಳಲ್ಲಿ ಕ್ಯಾನ್ಸರ್ ಕೋಶಗಳಿಲ್ಲದ ಮತ್ತು ದುಗ್ಧಗ್ರಂಥಿಗಳಿಗೆ ರೋಗ ಹಬ್ಬದ ಮಹಿಳೆಯರಿಗೆ ಮಾತ್ರ ಈ ಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ಯಾರಿಗೆ ಯಾವ ಚಿಕಿತ್ಸೆ ಸೂಕ್ತವೆಂಬುದನ್ನು ತಜ್ಞ ವೈದ್ಯರು ರೋಗಿಯ ಸ್ಥಿತಿಯನ್ನು ಪರಿಶೀಲಿಸಿ ನಿರ್ಧರಿಸುತ್ತಾರೆ.

ಪ್ರಮುಖ ಕೃತಿಗಳು

- ಜಾನ್ ಡನ್ ಗ್ರಂಥಸೂಚಿ (1914)
- ವಿಲಿಯಂ ಬ್ಲೇಕ್ ಗ್ರಂಥಸೂಚಿ (1921)
- ಬ್ಲಡ್ ಟ್ರಾನ್ಸ್‌ಫ್ಯೂಷನ್ (1922)
- ಥಾಮಸ್ ಬ್ರೌನ್ ಗ್ರಂಥಸೂಚಿ (1924)
- ವಿಲಿಯಂ ಬ್ಲೇಕ್ ಸಮಗ್ರ ಬರವಣಿಗೆ, ಸಂಪಾದಿತ, ಮೂರು ಸಂಪುಟಗಳು (1925)
- ಜೇನ್ ಆಸ್ಟಿನ್ ಗ್ರಂಥಸೂಚಿ (1929)
- ದಿ ಲೈಫ್ ಆಫ್ ವಿಲಿಯಂ ಹಾರ್ವೆ (1966)
- ದಿ ಗೇಟ್ಸ್ ಆಫ್ ಮೆಮೊರಿ, ಆತ್ಮಕಥೆ (1981)